ಪಾಯಲಿ ಟೊಪ್ಪಿಗೆಯ ವಜೀರ

ಹುಮನಾಬಾದದ ನಮ್ಮ ಮಾವನ ಅಂಗಡಿಯ ಹಗೇವನ್ನು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜವನ್ನು, ಆ ಶ್ರಾವಣದಲ್ಲಿ ತೆರೆಯಕೂಡದು ಎಂದು ತೀರ್ಮಾನವಾದದ್ದು ನನ್ನಿಂದ. ಜೋಳ ಅಳೆಯುವ ಪಾಯಲಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ವಿಲಾಯತಿಯ ದೊಡ್ಡ ವಜೀರನಂತೆ, ಅಂದರೆ ಅಲ್ಲಿನ ಪ್ರಧಾನಮಂತ್ರಿಯಂತೆ, ಎದೆ ಉಬ್ಬಿಸಿ, ಕೆಲಸವಿಲ್ಲದವರಿಗೆ ಕೂಳು ಯಾಕೆ ಎಂದು ಭಾಷಣ ಹೊಡೆದವನು ನಾನು. ಆ ಹೊತ್ತಿಗೆ ಇಡೀ ಪೇಟೆಯಲ್ಲಿ ಕೆಲಸವಿಲ್ಲದೆ ಕೂಳು ತಿನ್ನುವವರಲ್ಲಿ ಅಗ್ರಗಣ್ಯನೂ ನಾನೇ. ಮೊದಲೇ ಹೇಳಿಬಿಟ್ಟಿದ್ದೇನೆ, ನಗುವವರು ಇನ್ನು ನಿಶ್ಚಿಂತೆಯಿಂದ ನಗಬಹುದು.

ನನ್ನ ಊರು ಕಲ್ಯಾಣ. ಕಿಲ್ಲೆಯ ಕೆಳಗಿನ ಓಣಿಯಲ್ಲಿ ನಮ್ಮ ಮನೆ. ಉರ್ದು ಶಾಲೆಯ ಓದು ಮುಗಿಸಿ ಒಂದು ಕಚೇರಿಗೆ ಕಾರಕೂನಿಕೆ ಕೇಳಲು ಹೋದೆ. ನಮ್ಮ ರಿಯಾಸತ್ತಿನಲ್ಲೂ ಆಗ ತಖಫೀಫಿನ ಮಾತು, ಅಂದರೆ ಇದ್ದ ನೌಕರರನ್ನೇ ಕಡಿಮೆ ಮಾಡುವ ಮಾತು. ಅಲ್ಲಿ ಅರ್ಜಿ ನೋಡುವ ಪೇಶಕಾರರು ನನ್ನ ಅರ್ಜಿ ಮುಟ್ಟುವ ಮೊದಲೇ ತಲೆ ಅಲ್ಲಾಡಿಸಿದರು. ಅದೇನು ಸಾಮಾನ್ಯ ಅಲ್ಲಾಡಿಕೆಯಲ್ಲ. ಮೊದಲು ಗದ್ದ, ಆಮೇಲೆ ಮೀಸೆ, ಕಟ್ಟಕಡೆಗೆ ಟೊಪ್ಪಿಗೆಯ ಗೊಂಡೆ. ಹೊರಗೆ ಬಂದು ಜವಾನನ ಮುಂದೆ ಅದನ್ನು ಹಾಗೆಯೇ ಮಾಡಿ ತೋರಿಸಿದೆ. ಜವಾನ ಹೊಟ್ಟೆ ಹಿಡಿದುಕೊಂಡು ನಕ್ಕ. ಪೇಶಕಾರರು ಕಿಟಕಿಯಲ್ಲಿ ನಿಂತಿದ್ದರು. ಹೀಗೆ ನಾನು ಸಿಗದ ನೌಕರಿಯನ್ನು ಇನ್ನೊಮ್ಮೆ ಕಳೆದುಕೊಂಡೆ.

ಅವ್ವ ನನ್ನನ್ನು ಹುಮನಾಬಾದಕ್ಕೆ, ಅಕ್ಕನ ಮನೆಗೆ ಅಟ್ಟಿದಳು. ಅಕ್ಕನ ಗಂಡ, ಅಂದರೆ ನಮ್ಮ ಮಾವನದು ಅಡತಿ ವ್ಯಾಪಾರ. ರೈತರು ಗಾಡಿಯಲ್ಲಿ ತಂದ ಜೋಳ, ತೊಗರಿ, ಕುಸುಬಿಯನ್ನು ಹರಾಜು ಹಾಕಿಸಿ ದಲಾಲಿ ಪಡೆಯುವುದು. ಅಲ್ಲಿ ಬರೆಯುವವರು, ತೂಗುವವರು, ಹೊರುವವರು ಎಲ್ಲ ಆಗಲೇ ಇದ್ದರು. ನನಗೆ ಉಳಿದದ್ದು ಹೊತ್ತಿಗೆ ಸರಿಯಾಗಿ ಉಣ್ಣುವ ಕೆಲಸ, ಮತ್ತು ಹೊತ್ತು ಹೋಗದವರನ್ನು ನಗಿಸುವ ಕೆಲಸ. ಎರಡನ್ನೂ ಶ್ರದ್ಧೆಯಿಂದ ಮಾಡಿದೆ. ಹಾರ್ನು ಕೆಟ್ಟಾಗ ಬಾಯಿಂದಲೇ ಕೂಗಿಕೊಂಡು ಬರುವ ಮೋಟಾರಿನ ಡ್ರೈವರು, ಸೀನು ಬರುವ ಮುಂಚೆ ಧೋತರದ ಚುಂಗಿಗಾಗಿ ಎಂಟೂ ದಿಕ್ಕು ತಡಕಾಡುವ ಮಾವ, "ಬ್ಯಾಡಕ್ಕಾ, ಸಾಕಕ್ಕಾ" ಎನ್ನುತ್ತಲೇ ತಾಟನ್ನು ರೊಟ್ಟಿಯ ಬುಟ್ಟಿಯ ಕಡೆಗೆ ಸರಿಸುವ ನಾನು, ಎಲ್ಲರ ಅಣಕವನ್ನೂ ಮಾಡಿ ತೋರಿಸುತ್ತಿದ್ದೆ. ಈ ಕೊನೆಯದಕ್ಕೆ ಅಕ್ಕ ಎಲ್ಲಕ್ಕಿಂತ ಹೆಚ್ಚು ನಗುತ್ತಿದ್ದಳು, ನಕ್ಕು ರೊಟ್ಟಿಯನ್ನೂ ಹಾಕುತ್ತಿದ್ದಳು.

ಅಂಗಡಿಯ ಕಟ್ಟೆಗೆ ದಿನವೂ ಬರುವವರೆಂದರೆ ಮೌಲ್ವಿ ಸಾಹೇಬರು. ಮದರಸೆಯಲ್ಲಿ ಪಾಠ ಹೇಳಿ, ಈಗ ವಜೀಫೆ, ಅಂದರೆ ಪಿಂಚಣಿ, ಪಡೆದು ಮನೆಯಲ್ಲಿದ್ದವರು. ಮಾವ ಹುಡುಗನಾಗಿದ್ದಾಗ ಅವರ ಕೈಯಲ್ಲಿ ಛಡಿ ಏಟು ತಿಂದಿದ್ದ. ಹೈದರಾಬಾದಿನ ಉರ್ದು ಅಖಬಾರು ಮೋಟಾರಿನಲ್ಲಿ ಬಂದು ಇಳಿದ ಕೂಡಲೇ ಸಾಹೇಬರು ಅದನ್ನು ಕಟ್ಟೆಯ ಮೇಲೆ ಹಾಸಿ, ಒಂದೊಂದು ಸಾಲು ಓದಿ, ನಮ್ಮ ಮಾತಿಗೆ ಇಳಿಸಿ ಹೇಳುವರು. ಮೂವತ್ತೊಂದನೆಯ ಇಸವಿಯ ಮಳೆಗಾಲದಲ್ಲಿ ಅವರು ಓದಿದ್ದೆಲ್ಲ ವಿಲಾಯತಿಯ ಸುದ್ದಿಯೇ.

"ದೇಖೋ ಸಾವಕಾರ್ರ," ಎಂದು ಸಾಹೇಬರು ಶುರು ಮಾಡಿದರು. "ಅಲ್ಲಿ ಗಿರಣಿ ಬಂದ್ ಬಿದ್ದಾವ. ಹಡಗ ಕಟ್ಟೋರು ಖಾಲಿ ಕುಂತಾರ. ಅಂಥಾ ಬೇಕಾರ್ ಮಂದಿಗೆ ಸರಕಾರ ವಾರಾವಾರಾ ರೊಕ್ಕಾ ಕೊಡ್ತದ. ಈಗ ಖಜಾನಿ ತಳಾ ಕಂಡದ ಅಂತ ಆ ರೊಕ್ಕಾನೇ ಕಡೀತೀವಿ ಅನ್ನಾಕತ್ತಾರ. ವಜೀರರಾಗೇ ಒಡಕ ಬಂದದ."

"ಕೆಲಸಾ ಮಾಡಲಾರದವ್ರಿಗೆ ರೊಕ್ಕಾ?" ಮಾವ ತಕ್ಕಡಿಯ ಪಕ್ಕದಿಂದಲೇ ಕೇಳಿದ. "ಹಂಗಿದ್ರ ಖಜಾನಿ ಯಾಕ ತಳಾ ಕಾಣಬಾರ್ದ್ರಿ?"

"ಮಾಡಲಾರದವ್ರಲ್ಲ ಭಾಯಿ, ಸಿಗಲಾರದವ್ರು."

"ಎರಡೂ ಒಂದ ಆತಲ್ರಿ. ಕೈ ಖಾಲಿ, ಬಾಯಿ ಭರ್ತಿ."

"ಮತ್ತ ಅವರು ಸಾಯಬೇಕೇನು?"

"ಸಾಯಬ್ಯಾಡ್ರಿ. ಆದ್ರ ಮನಿ ಮುಳುಗಾಕತ್ತಾಗ ಎಲ್ಲಾರೂ ಒಂದೊಂದ ತುತ್ತು ಕಡಿಮಿ ಉಣ್ಣಬೇಕು. ಯಜಮಾನ ಆದವ ಅದನ್ನ ಬಾಯಿ ಬಿಟ್ಟು ಹೇಳಬೇಕು. ಆ ದೊಡ್ಡ ವಜೀರ ಗಂಡಸು. ಹೇಳ್ಯಾನ."

ಅಲ್ಲಿಂದ ಹತ್ತಿತು ಜಗಳ. ನಮ್ಮಲ್ಲಿ ಯಾರೂ ಸಮುದ್ರವನ್ನೇ ನೋಡಿದವರಲ್ಲ, ಇನ್ನು ಅದರಾಚೆಯ ದೇಶವೆಲ್ಲಿ? ಆದರೂ ಕಟ್ಟೆ ಎರಡು ಪಾಲಾಯಿತು. ಖರ್ಚು ಕಡಿಯಬೇಕು ಅನ್ನುವವರು ಮಾವನ ಗಾದಿಯ ಕಡೆ, ಕಡಿಯಬಾರದು ಅನ್ನುವವರು ಮೌಲ್ವಿ ಸಾಹೇಬರ ಚಾಪೆಯ ಕಡೆ. ಮೊದಲು ಚಹಾ ಎಲ್ಲಿ ಬೇಕಾದರೂ ಕುಡಿಯುತ್ತಿದ್ದವರು ಈಗ ಬಸಿಯನ್ನು ಹಿಡಿದುಕೊಂಡು ತಮ್ಮ ಪಕ್ಷಕ್ಕೆ ನಡೆದು ಹೋಗಿ ಕುಡಿಯತೊಡಗಿದರು. ನಾನು ನಡುವೆ ಕುಳಿತು ಎರಡೂ ಕಡೆಯ ಚಹಾ ಕುಡಿದೆ.

ಒಂದು ದಿನ ಮಾವ ಮಾತಿನ ಭರದಲ್ಲಿ ಅಂದ: "ನಿಮಗ ಬೇಕಾರರ ಮ್ಯಾಲ ಅಂತಃಕರಣ ಯಾಕ ಬರಬಾರ್ದು ಸಾಹೇಬ್ರ? ನೀವೂ ಕುಂತ ವಜೀಫಾ ತಿನ್ನಾವ್ರೇ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನಿನ್ನಂಥಾವ್ರಿಗೆ ಲೆಕ್ಕಾ ಕಲಿಸೀನಲ್ಲ ಬೇಟಾ, ಅದರ ದವಾಖಾನಿ ಖರ್ಚದು."

ಮಾವ ನಗಲಿಲ್ಲ. ನನಗೆ ಆಗಲೇ ಹೊಳೆಯಬೇಕಿತ್ತು. ಅವನ ಹಟದ ಹಿಂದೆ ವಿಲಾಯತಿ ಇರಲಿಲ್ಲ. ಆ ವರ್ಷ ಧಾರಣೆ ಬಿದ್ದು, ರೈತರು ಕಾಳನ್ನು ಪೇಟೆಗೆ ತರುವ ಬದಲು ಮನೆಯಲ್ಲೇ ಇಟ್ಟುಕೊಂಡಿದ್ದರು. ನಮ್ಮ ಸಾಲಿನಲ್ಲಿ ಎರಡು ಅಂಗಡಿ ಕದ ಹಾಕಿದ್ದವು. ಮಾವ ಬೆಳಿಗ್ಗೆ ಎದ್ದು ಆ ಮುಚ್ಚಿದ ಕದಗಳನ್ನು ನೋಡಿಕೊಂಡೇ ತನ್ನ ಕದ ತೆರೆಯುತ್ತಿದ್ದ. ಅವನಿಗೆ ಹೆದರಿಕೆಯಾಗಿತ್ತು. ಆ ಹೆದರಿಕೆಗೆ ಒಂದು ಮರ್ಯಾದೆಯ ಅಂಗಿ ಬೇಕಾಗಿತ್ತು; ವಿಲಾಯತಿಯ ವಜೀರ ಅದನ್ನು ಹೊಲಿದು ಕಳಿಸಿದ್ದ.

ಇನ್ನು ಹಗೇವಿನ ಸಂಗತಿ ಹೇಳಬೇಕು. ಗಾಡಿಯಿಂದ ಚೀಲ ಇಳಿದು ಹರಾಜಿಗೆ ಬಿಚ್ಚಿದಾಗ, ಖರೀದಿದಾರರಿಗೆ ತೋರಿಸಲು ಒಂದು ಮುಷ್ಟಿ ಕಾಳು ತೆಗೆಯುತ್ತಾರೆ. ಅದಕ್ಕೆ ವಾನಗಿ ಎನ್ನುತ್ತಾರೆ. ತೆಗೆದ ವಾನಗಿಯನ್ನು ಮತ್ತೆ ಚೀಲಕ್ಕೆ ಹಾಕುವ ಪದ್ಧತಿ ಇಲ್ಲ. ನಮ್ಮ ಅಂಗಡಿಯಲ್ಲಿ ಜೋಳದ ವಾನಗಿಯೆಲ್ಲ ಹಿಂದಿನ ಪಡಸಾಲೆಯ ನೆಲದೊಳಗೆ ತೋಡಿದ ಒಂದು ಸಣ್ಣ ಹಗೇವಿಗೆ ಹೋಗಿ ಬೀಳುತ್ತಿತ್ತು. ಸುಗ್ಗಿ ಮುಗಿದು, ಮಳೆ ಹಿಡಿದು, ಗಾಡಿಗಳು ನಿಂತ ಮೇಲೆ ಹಮಾಲರಿಗೆ ಹೊರಲು ಏನೂ ಇರುವುದಿಲ್ಲ. ಮನೆಯ ಗಡಿಗೆಗಳು ಖಾಲಿಯಾಗುವ ಶ್ರಾವಣದಲ್ಲಿ ಮಳೆ ಹೊಳವಾದ ಒಂದು ದಿನ ನೋಡಿ ಹಗೇವಿನ ಬಾಯಿ ತೆರೆಯುತ್ತಾರೆ. ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯ್ದು, ಕಂದೀಲು ಇಳಿಬಿಟ್ಟು, ದೀಪ ನಿಂತರೆ ಮನುಷ್ಯ ಇಳಿಯುತ್ತಾನೆ. ಆ ಜೋಳ ಹಮಾಲರ ಮನೆಗಳಿಗೆ ಹಂಚಿಕೆ. ದಸರೆಯ ತನಕ ಅವರ ಒಲೆ ಉರಿಯುವುದು ಅದರಿಂದ. ಮಾವನ ಅಪ್ಪನ ಕಾಲದಿಂದ ನಡೆದು ಬಂದದ್ದು.

ಶ್ರಾವಣ ಬಂತು. ಕಟ್ಟೆಯಲ್ಲಿ ಕಡಿಯುವವರು, ಕಡಿಯದವರು, ಕೆಲಸವಿಲ್ಲದೆ ಕಂಬಕ್ಕೆ ಒರಗಿದ ಹಮಾಲರು, ಎಲ್ಲರೂ ನೆರೆದಿದ್ದ ಒಂದು ಮಧ್ಯಾಹ್ನ ಯಾರೋ ನನ್ನನ್ನು ಕೆಣಕಿದರು: "ಏ ಕಲ್ಯಾಣದಾಂವಾ, ಆ ವಜೀರಂದ ತಗೀ ನೋಡೋಣು!"

ಕೇಳಬೇಕೆ? ಮೂಲೆಯಲ್ಲಿದ್ದ ಪಾಯಲಿಯನ್ನು ಬೋರಲು ಮಾಡಿ ತಲೆಗೆ ಏರಿಸಿದೆ; ಉದ್ದ ಟೊಪ್ಪಿಗೆಯಾಯಿತು. ಮೌಲ್ವಿ ಸಾಹೇಬರ ಕೊಡೆ ಬೆತ್ತವಾಯಿತು. ತುಟಿ ಬಿಗಿದು, ಮೂಗಿನಿಂದ ಶುರು ಮಾಡಿದೆ:

"ಹೇ ಬೇಕಾರ್ ಜನರೇ! ನಿಮ್ಮ ಹೊಟ್ಟಿ ನೋಡಿ ನಮಗ ಭಾಳ ದುಃಖ ಆಗ್ಯದ. ಆದ್ರ ನಮ್ಮ ಹೊಟ್ಟಿ ನಿಮಗ ಕಾಣಬಾರ್ದು ಅಂತ ಕೋಟು ಹಾಕ್ಕೊಂಡೀವಿ. ಖಜಾನಿ ಅಂದ್ರ ಏನು? ಹಗೇವು! ಹಗೇವು ಅಂದ್ರ ಏನು? ಮುಚ್ಚಿಟ್ರ ಹಗೇವು, ತೆರೆದ್ರ ಬರೇ ತೆಗ್ಗು! ಆದ್ದರಿಂದ ದೇಶದ ಹಿತಕ್ಕಾಗಿ ನೀವು ಉಪವಾಸ ಮಾಡತಕ್ಕದ್ದು. ನಾವು ನಿಮ್ಮ ಪರವಾಗಿ ಉಣ್ಣತಕ್ಕದ್ದು!"

ಕಟ್ಟೆ ಬಿದ್ದು ಬಿದ್ದು ನಕ್ಕಿತು. ಮೌಲ್ವಿ ಸಾಹೇಬರ ಗಡ್ಡ ಕುಣಿಯಿತು. ಹಮಾಲರ ಮುಖ್ಯಸ್ಥನಾದ ಮುಕಾದಮ, ನರೆತ ಮೀಸೆಯ ಮುದುಕ, ಹೆಗಲ ಮೇಲಿನ ಗೋಣಿತಟ್ಟಿನಿಂದ ಕಣ್ಣು ಒರೆಸಿಕೊಂಡ. ಅಂಥ ನಗು ನನಗೆ ಹಿಂದೆಂದೂ ಸಿಕ್ಕಿರಲಿಲ್ಲ, ಆದ್ದರಿಂದ ಇನ್ನೊಮ್ಮೆ ಮಾಡಿದೆ. ಮಾವ ಮಾತ್ರ ಗಾದಿಯ ಮೇಲೆ ನೆಟ್ಟಗೆ ಕುಳಿತು ನಿಧಾನವಾಗಿ ತಲೆದೂಗುತ್ತಿದ್ದ.

"ಮುಚ್ಚಿಟ್ರ ಹಗೇವು, ತೆರೆದ್ರ ತೆಗ್ಗು," ಅಂದ. "ಖರೇ ಅದ."

ಚೇಷ್ಟೆಯವನ ಮಾತನ್ನು ಯಾರಾದರೂ ಖರೇ ಅಂದರೆ ಓಡಿ ಹೋಗಬೇಕು. ನಾನು ತಲೆಯ ಮೇಲಿನ ಟೊಪ್ಪಿಗೆ ಸರಿಮಾಡಿಕೊಂಡೆ.

ಮರುದಿನ ಮಾವ ಮುಕಾದಮನನ್ನು ಕರೆದ. "ಈ ವರ್ಷ ಹಗೇವು ತೆರಿಯೂದಿಲ್ಲ. ಕಾಲ ಛಲೋ ಇಲ್ಲ. ಮುಂದಿನ ಸುಗ್ಗಿ ಬರದಿದ್ರ ಅಂಗಡಿ ಉಳೀಬೇಕಲ? ಅಂಗಡಿ ಉಳಿದ್ರ ನೀವು ಉಳೀತೀರಿ. ವಿಲಾಯತಿಯಂಥಾ ವಿಲಾಯತಿನೇ ಕಡ್ಯಾಕತ್ತದ."

ಮುಕಾದಮ ಹೆಗಲ ಮೇಲಿನ ಗೋಣಿತಟ್ಟು ಸರಿಮಾಡಿಕೊಂಡ. "ಆತ್ರಿ ಸಾವಕಾರ್ರ," ಅಂದು ಹೊರಟ. ನಾನು ಹಿಂದೆ ಓಡಿದೆ.

"ಮುಕಾದಮಾ, ಏನ್ ಮಾಡ್ತೀ?"

"ಸೊಲ್ಲಾಪುರಕ್ಕ ಹೋಗ್ತೀವ್ರಿ, ಮನಿಮಂದಿ ಎಲ್ಲಾ. ಗಿರಣ್ಯಾಗ ಏನರೆ ಸಿಗ್ತದ. ಸೊಸಿಗಿ ದಿನ ತುಂಬಾಕತ್ತಾವ, ಅದೊಂದ ನೋಡ್ಬೇಕು. ಗಾಡಿ ಇಲ್ಲ, ನಡಕೊಂತ ಹೋಗೂದು." ಆಮೇಲೆ ನನ್ನ ಭುಜ ತಟ್ಟಿದ. "ನಿಮ್ಮ ವಜೀರ ಭಾಳ ಛಂದ ಮಾತಾಡ್ದ ನೋಡ್ರಿ ಸಣ್ಣ ಸಾವಕಾರ್ರ. ಮನ್ಯಾಗ ಮಾಡಿ ತೋರ್ಸೀನಿ. ನಂಗ ನಿಮ್ಮಂಗ ಬರಲಿಲ್ಲ. ಯಾರೂ ನಗಲಿಲ್ಲ."

ಸೊಲ್ಲಾಪುರದ ಗಿರಣಿಗಳೂ ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ ಎಂದು ಮೌಲ್ವಿ ಸಾಹೇಬರು ಹೇಳಿದರು. ಅವರು ಮಾವನಿಗೆ ಬುದ್ಧಿ ಹೇಳಲು ಹೋಗಿ ಜಗಳವಾಡಿ ಬಂದರು. ಅಖಬಾರನ್ನು ಮಡಚಿಕೊಂಡು ಎದುರಿನ ಅಂಗಡಿಯ ಕಟ್ಟೆಗೆ ಹೋದರು.

ಆ ಸಂಜೆ ಅಕ್ಕ ನನಗೆ ಊಟಕ್ಕೆ ಬಡಿಸಿ, ಎದುರಿಗೇ ಕುಳಿತಳು. ನಾನು "ಬ್ಯಾಡಕ್ಕಾ" ಅಂದೆ. ಹಾಗಾದರೆ ಬೇಡ ಎಂದು ಬುಟ್ಟಿ ಎತ್ತಿ ಒಳಗಿಟ್ಟಳು.

"ಅಕ್ಕಾ, ಅದು ಖರೇ ಬ್ಯಾಡ ಅಲ್ಲ."

"ಗೊತ್ತದ. ಪಾಯಲಿ ಬೋರಲು ಹಾಕ್ತಾರೇನೋ ಮೂಳಾ? ಅಳತಿ ಬೋರಲಾದ್ರ ಮನಿ ಬೋರಲಾಗ್ತದ ಅಂತ ಅವ್ವ ಹೇಳಿಲ್ಲ? ಹಾಕಿದವ್ನೇ ನೆಟ್ಟಗ ಮಾಡಬೇಕು."

"ನಾ ಹೇಳಿದ್ರ ಮಾವ ಕೇಳ್ತಾನ?"

"ನೀ ಹೇಳಿದ್ದ ಕೇಳೇ ಅಲ್ಲೇನು ಇಷ್ಟೆಲ್ಲಾ ಆಗಿದ್ದು?"

ಮರುದಿನ ಅದನ್ನೇ ನಂಬಿ, ಹೆಗಲಿಗೆ ಶಾಲು ಹಾಕಿ, ವಜೀರನ ಎದುರು ಪಕ್ಷದವನಾಗಿ ಬೇಕಾರರ ಪರ ಇನ್ನೊಂದು ಭಾಷಣ ಹೊಡೆದೆ. ದನಿ ನಡುಗಿಸಿದೆ. ಕಣ್ಣಲ್ಲಿ ನೀರು ತರಿಸಲು ಮೂಗನ್ನು ಒಳಗಿಂದ ಹಿಂಡಿಕೊಂಡೆ. ಮಾವ ಪೂರ್ತಿ ಕೇಳಿ ತೀರ್ಪು ಕೊಟ್ಟ: "ವಜೀರಂದ ಛಲೋ ಇತ್ತು. ಇದು ಪೇಲವ ಆತು."

ಆದರೆ ನಾನು ಸೋಲುವವನಲ್ಲ. ನನ್ನ ದನಿ ನಡೆಯದಿದ್ದರೆ ನಡೆಯುವ ದನಿಯನ್ನೇ ಹುಡುಕಿ ತರಬೇಕು. ಯೋಚಿಸಿದಾಗ ಕಂಡದ್ದು ಮೋರಖಂಡಿಯ ಆಯಿ. ಕಲ್ಯಾಣದ ಪೇಟೆ ಹತ್ತಿರವಿದ್ದರೂ, ಧಾರಣೆ ತುಸು ಮೇಲೆಂದು ಹುಮನಾಬಾದಕ್ಕೇ ಗಾಡಿ ಹೊಡೆಸಿಕೊಂಡು ಬರುವ ಹೆಣ್ಣುಮಗಳು. ಗಂಡ ತೀರಿದ ಮೇಲೆ ಹೊಲವನ್ನೆಲ್ಲ ತಾನೇ ಮಾಡಿಸುವವಳು. ಅವಳ ಚೀಲ ಬಿಚ್ಚಿದಾಗ ತೂಗುವವನು ವಾನಗಿಗೆ ಕೈ ಹಾಕುವ ಮೊದಲೇ ತಾನೇ ದೊಡ್ಡ ಮುಷ್ಟಿ ತೆಗೆದು, ಮೇಲೊಂದು ಸುರಿದು, "ಹಮಾಲರಿಗೆ" ಎನ್ನುತ್ತಿದ್ದಳು. ಒಮ್ಮೆ ನಾನು ಅವಳ ಅಣಕ ಮಾಡುವಾಗ ಹಿಂದೆಯೇ ನಿಂತಿದ್ದಳು. ಬೈಯಲಿಲ್ಲ. "ಕೈ ಎಡಗಡೆ ಸೊಂಟದ ಮ್ಯಾಲ ಇರ್ತದೋ ನಂದು, ಬಲಗಡೆ ಅಲ್ಲ. ಮತ್ತ ಮಾಡು," ಎಂದು ನಾಲ್ಕು ಜನರ ಮುಂದೆ ಮಾಡಿಸಿದಳು. ಅಂದಿನಿಂದ ಅವಳನ್ನು ಅಣಕಿಸುವುದನ್ನು ಬಿಟ್ಟಿದ್ದೆ.

ಮೋಟಾರು ಹತ್ತಿ ಕಲ್ಯಾಣಕ್ಕೆ ಹೋದೆ, ಅಲ್ಲಿಂದ ಮೋರಖಂಡಿಗೆ ಕರಿ ಮಣ್ಣಿನ ರಾಡಿಯಲ್ಲಿ ನಡೆದೆ. ಒಂದು ಕಾಲಿನ ಜೋಡನ್ನು ಮಣ್ಣು ನುಂಗಿತು. ಇನ್ನೊಂದನ್ನು ನಾನೇ ಕೈಯಲ್ಲಿ ಹಿಡಿದುಕೊಂಡೆ. ಆಯಿ ತೊಗರಿ ಹೊಲದಲ್ಲಿ ಆಳುಗಳ ಜೊತೆ ಕಳೆ ತೆಗೆಯುತ್ತಿದ್ದಳು. ನಡೆದದ್ದನ್ನು ಹೇಳಲಿಲ್ಲ, ಮಾಡಿ ತೋರಿಸಿದೆ. ಧೋತರದ ಚುಂಗು ಹುಡುಕಿದೆ, ಸೀನಿದೆ, ಗಾದಿಯ ಮೇಲೆ ಕುಳಿತಂತೆ ಬದುವಿನ ಮೇಲೆ ಕುಳಿತು, ಮಾವನ ಗಂಟಲಿನಲ್ಲಿ "ಮುಚ್ಚಿಟ್ರ ಹಗೇವು, ತೆರೆದ್ರ ತೆಗ್ಗು" ಅಂದು, ಮುಕಾದಮನಿಗೆ ಹೇಳಿದ ಮಾತನ್ನೆಲ್ಲ ಹೇಳಿದೆ. ಆಮೇಲೆ ಮುಕಾದಮನಾಗಿ "ಆತ್ರಿ ಸಾವಕಾರ್ರ" ಅಂದೆ. ಆಳುಗಳು ಸೀನಿಗೆ ನಕ್ಕರು. ಆಯಿ ನಗಲಿಲ್ಲ.

"ಮತ್ತೊಮ್ಮಿ ಮಾಡು. ಸೀನಬ್ಯಾಡ. ಮಾತಷ್ಟೇ."

ಮಾಡಿದೆ. ಅವಳು ಕಳೆ ತೆಗೆಯುವ ಕುರ್ಚಿಗೆಯ ಮಣ್ಣನ್ನು ಬೆರಳಿನಿಂದ ತೆಗೆದಳು. "ಆ ಮಾತು ಯಾರ್ದು, ಹಗೇವು ತೆಗ್ಗು ಅನ್ನೂದು?"

"ಅದು... ವಿಲಾಯತಿ ವಜೀರಂದ್ರಿ ಆಯಿ."

"ನಿನ್ನ ಮಾರಿ ನೋಡಿದ್ರ ವಿಲಾಯತಿ ಇಲ್ಲೇ ಹತ್ರದಾಗೇ ಇದ್ದಂಗದ," ಅಂದಳು. "ನಾಳಿ ಮೋಟಾರ ಎಷ್ಟೊತ್ತಿಗದ?"

ಆಯಿ ಮೋಟಾರು ಹತ್ತಿದ್ದು ಅದೇ ಮೊದಲು. ಕಾಲು ಮೇಲೆ ಮಡಚಿಕೊಂಡು ಕುಳಿತು, ಏರು ಬಂದಾಗಲೆಲ್ಲ "ತಮ್ಮಾ, ದಣಿದದ, ತುಸು ನಿಲ್ಸು" ಎಂದು ಡ್ರೈವರನಿಗೆ ಹೇಳಿದಳು. ಒಂದು ಏರಿನಲ್ಲಿ ಅದು ನಿಜವಾಗಿಯೂ ನಿಂತಿತು. ನೀರು ಕುಡಿಸಿದ ಮೇಲೆಯೇ ಹೊರಟಿತು. "ಹೇಳಿದ್ನಿಲ್ಲ?" ಅಂದಳು.

ಅಂಗಡಿಯ ಮುಂದೆ ನಾವು ಇಳಿದಾಗ ಮಾವ ಗಾದಿಯ ಮೇಲಿದ್ದ. ಮುಕಾದಮ ಕಡೆಯ ಸಲ ಹೇಳಿ ಹೋಗಲು ಬಂದು ಮೆಟ್ಟಿಲ ಕೆಳಗೆ ನಿಂತಿದ್ದ. ಮರುದಿನ ಬೆಳಿಗ್ಗೆ ಅವರು ಸೊಲ್ಲಾಪುರದ ಹಾದಿ ಹಿಡಿಯುವವರು. ಆಯಿಯನ್ನು ನೋಡಿದ್ದೇ ಎದುರಿನ ಕಟ್ಟೆಯಿಂದ ಮೌಲ್ವಿ ಸಾಹೇಬರು ಅಖಬಾರು ಬಿಟ್ಟು ಎದ್ದು ಬಂದರು.

"ಬರ್ರಿ ಆಯಿ, ಬರ್ರಿ! ಹಂಗಾಮಿಲ್ಲದಾಗ ಬಂದ್ರಿ?" ಮಾವ ಎದ್ದು ನಿಂತ. "ಏ, ಚಾ ತಗೊಂಬಾ."

"ಚಾ ಆಮ್ಯಾಲ. ಹಗೇವು ನೋಡಾಕ ಬಂದೀನಿ."

ಮಾವ ನನ್ನ ಕಡೆ ನೋಡಿದ. ನಾನು ಕಂಬದ ಕೆತ್ತನೆ ನೋಡಿದೆ.

"ಹಗೇವು ಈ ವರ್ಷ ತೆರ್ಯಾಂಗಿಲ್ರಿ ಆಯಿ," ಮಾವ ಗಂಟಲು ಸರಿಮಾಡಿಕೊಂಡ. "ಜಿಪುಣತನಕ್ಕಲ್ಲ. ನೋಡ್ರಿ, ಆ ಎರಡು ಕದ ಮುಚ್ಯಾವ. ನಾಳಿ ನಂದು ಮುಚ್ಚಿದ್ರ ಈ ಹಮಾಲರು ಎಲ್ಲಿ ಹೋಗ್ಬೇಕು? ಕಷ್ಟದಾಗ ಕೂಡಿಟ್ಟದ್ದ ಬಿಚ್ಚಬಾರ್ದು. ಕೆಲಸ ಇಲ್ಲದಾಗ ಕೂಳು ಸಿಗ್ತದಂದ್ರ ಕೆಲಸದ ಬೆಲಿನೂ ಹೋಗ್ತದ. ಇದು ನನ್ನ ಮಾತಲ್ಲ, ದೊಡ್ಡ ದೊಡ್ಡ ದೇಶದಾವ್ರು ವಿಚಾರ ಮಾಡಿ ಹೇಳಿದ್ದು."

ಅವನು ಸುಳ್ಳು ಹೇಳುತ್ತಿರಲಿಲ್ಲ. ದನಿಯಲ್ಲಿ ಹೆದರಿಕೆ ಕೇಳುತ್ತಿತ್ತು. ಆಯಿಗೂ ಕೇಳಿಸಿರಬೇಕು, ಮೆತ್ತಗೆ ಮೌಲ್ವಿ ಸಾಹೇಬರ ಕಡೆ ತಿರುಗಿದಳು.

"ಸಾಹೇಬ್ರ, ಆ ದೇಶದಾಗ ಬೇಕಾರರಿಗಿ ಕೊಡೂ ರೊಕ್ಕಾ, ಅದು ಯಾರ್ ಹಾಕಿದ್ದು?"

"ಎಲ್ಲಾರೂ ಹಾಕ್ತಾರ ಆಯಿ. ಸರಕಾರ ತುಸು, ಧಣಿ ತುಸು. ಕೆಲಸ ಇದ್ದಾಗ ಆ ಕೂಲಿಯಾವ್ರೂ ವಾರಾವಾರಾ ತಮ್ಮ ಪಗಾರದಾಗಿಂದ ಹಾಕ್ತಾರ."

"ಅಂದ್ರ ವಾನಗಿ."

"ಹೌದ್ ಬಿಡು. ವಾನಗೀನೇ."

"ಸರಕಾರ ಹಾಕಿದ್ದು ಖಾಲಿ ಆಗೇದಂತಲ್ರಿ!" ಎಂದು ಮಾವ ನಡುವೆ ಬಾಯಿ ಹಾಕಿದ. "ಯಾರರೆ ಒಬ್ರು ಉಳಿಸಬೇಕಲ? ನಾ ನನ್ನ ಸಲುವಾಗಿ ಉಳಿಸಾಕತ್ತಿಲ್ಲ ಆಯಿ, ಇವರ ಸಲುವಾಗೇ ಉಳಿಸಾಕತ್ತೀನಿ!"

ಆಯಿ ಎಡಗೈಯನ್ನು ಸೊಂಟದ ಮೇಲೆ ಇಟ್ಟಳು.

ಅವಳು ಮಾತಾಡಿ ಮುಗಿಸಿದ ಮೇಲೆ ಮಾವ ಬಹಳ ಹೊತ್ತು ಧೋತರದ ಚುಂಗು ಹುಡುಕಿದ, ಸೀನು ಮಾತ್ರ ಬರಲಿಲ್ಲ. ಆಮೇಲೆ ತಾನೇ ಎದ್ದು ಹಿಂದಿನ ಪಡಸಾಲೆಗೆ ಹೋಗಿ ಹಗೇವಿನ ಮೇಲಿನ ಕಲ್ಲಿಗೆ ಕೈ ಹಚ್ಚಿದ. ಮುಕಾದಮ ಓಡಿ ಹೋಗಿ ಇನ್ನೊಂದು ಮಗ್ಗುಲು ಹಿಡಿದ. ಕಂದೀಲು ಇಳಿಯಿತು, ದೀಪ ನಿಂತಿತು. ಮೊದಲ ಪಾಯಲಿ ತುಂಬಿಸಿ ಮುಕಾದಮನ ಗೋಣಿತಟ್ಟಿಗೆ ಸುರಿಯುವ ಕೆಲಸವನ್ನು ಅಕ್ಕ ನನಗೇ ಹಚ್ಚಿದಳು, ಅಳತೆ ನೆಟ್ಟಗಾಗಲಿ ಎಂದು. ಮುಕಾದಮನ ಸೊಸೆ ಹುಮನಾಬಾದದಲ್ಲೇ ಹೆತ್ತಳು. ಮೌಲ್ವಿ ಸಾಹೇಬರು ಮತ್ತೆ ನಮ್ಮ ಕಟ್ಟೆಗೆ ಬಂದರು. ವಿಲಾಯತಿಯಲ್ಲಿ ಬೇಕಾರರ ರೊಕ್ಕವನ್ನು ಕೊನೆಗೂ ಕಡಿದೇ ಬಿಟ್ಟರಂತೆ ಎಂದು ಓದಿದ ದಿನ ಮಾವನೇ ಮೊದಲು "ತಪ್ಪು ಮಾಡಿದ್ರು" ಅಂದ. ಮಾವನ ಅಂಗಡಿ ಇಂದಿಗೂ ಕದ ತೆರೆದಿದೆ.

ಪೇಶಕಾರರ ಗೊಂಡೆಯನ್ನು ಕೇಳಿ, ಮಾಡಿ ತೋರಿಸುತ್ತೇನೆ. ಮಾವನ ಸೀನು, ಡ್ರೈವರನ ಹಾರ್ನು, ನೋಡದ ವಜೀರ, ಯಾರನ್ನು ಬೇಕಾದರೂ ಈ ಗಂಟಲಿನಿಂದ ಹೊರಗೆ ತರಬಲ್ಲೆ. ಆ ದಿನ ಆಯಿ ಆಡಿದ ಮಾತೊಂದನ್ನು ಮಾತ್ರ ಎಡಗೈ ಸೊಂಟಕ್ಕಿಟ್ಟು ಎಷ್ಟು ಸಲ ಮಾಡಿದರೂ ಆ ತೂಕ ಬಂದಿಲ್ಲ. ಆದ್ದರಿಂದ ದನಿಯಿಲ್ಲದೆ, ಅವಳು ಆಡಿದ ಹಾಗೆಯೇ ಬರೆದಿಡುತ್ತೇನೆ:

"ಮುಷ್ಟಿ ನಂದು, ಹೊಟ್ಟಿ ಅವರ್ದು. ನಡುವ ಉಳಿಸಾಕ ನೀ ಯಾರಪ್ಪಾ?"